ಟಿಕ್ ಎಂದು ನಿಂತ ಕಾರಿಗೆ ಐದು ‘ಯಾಕೆ’

“ಇನ್ನು ಮುಂದೆ ನಮ್ಮ ಕಾರಿನ ಬಾನೆಟ್ಟನ್ನು ನನ್ನ ಹೊರತು ಯಾವ ನರಪ್ರಾಣಿಯೂ ಮುಟ್ಟಕೂಡದು!”

ಹೀಗೆಂದು ನಾನು ರಾಜಾಜ್ಞೆ ಹೊರಡಿಸಿದ್ದು ಆಯುಧಪೂಜೆಯ ಹಿಂದಿನ ಸಂಜೆ, ಅತ್ತೆ ತಂದಿದ್ದ ಚಕ್ಕುಲಿ ಕಡಿಯುತ್ತಾ. ಸುಮ್ಮನೆ ಹೇಳಿದ್ದಲ್ಲ ಸ್ವಾಮಿ! ನಾನು ಸೋಂಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ಅಲ್ಲಿ ಯಂತ್ರ ಕೆಟ್ಟರೆ ನಾವು ಸ್ಪ್ಯಾನರ್ ಹಿಡಿಯುವುದಿಲ್ಲ, ಪ್ರಶ್ನೆ ಹಿಡಿಯುತ್ತೇವೆ. ಐದು ಸಲ ‘ಯಾಕೆ’ ಎಂದು ಕೇಳಿದರೆ ಎಂಥ ದೋಷವಾದರೂ ತಾನಾಗಿ ಬಂದು ಶರಣಾಗಬೇಕು. ಹೀಗಿರುವಾಗ ಗ್ಯಾರೇಜಿನವರ ಮುಂದೆ ಕೈಕಟ್ಟಿ ನಿಲ್ಲುವ ಕರ್ಮ ನನಗೇಕೆ?

ಹೆಂಡತಿ ಧನುಶ್ರೀ ಚಕ್ಕುಲಿ ಡಬ್ಬಿಯ ಮುಚ್ಚಳ ಹಾಕಿದಳು. “ಹೌದ್ರೀ, ಮಿಕ್ಸಿಗೂ ಹಿಂಗೇ ಐದು ಸಲ ಯಾಕೆ ಅಂತ ಕೇಳಿದ್ರಿ. ಇವತ್ತಿಗೂ ನಾನು ಒರಳುಕಲ್ಲಲ್ಲೇ ಚಟ್ನಿ ರುಬ್ತಾ ಇದ್ದೀನಿ.”

ಅಸೂಯೆ! ಎಂದುಕೊಂಡು ಕೈಯಲ್ಲಿದ್ದ ಚಕ್ಕುಲಿ ಮುಗಿಸಿದೆ. ಅಂದು ಬೆಳಗ್ಗೆಯಷ್ಟೇ ಕಾರ್ಖಾನೆಯಲ್ಲಿ ನನ್ನದೇ ಮುಖ್ಯ ಅರ್ಚಕತ್ವ. ಲೇತು, ಪ್ರೆಸ್ಸು, ಸರಕು ಎತ್ತುವ ಫೋರ್ಕ್‌ಲಿಫ್ಟು, ಯಾವುದನ್ನೂ ಬಿಡದೆ ಪೂಜೆ ಮಾಡಿ ಮ್ಯಾನೇಜರ್ ಬಾಯಲ್ಲಿ “ಭೇಷ್” ಅನ್ನಿಸಿಕೊಂಡು ಬಂದಿದ್ದೆ. ಮರುದಿನ ಮನೆಯ ಕಾರಿಗೂ ಅದೇ ರಾಜಮರ್ಯಾದೆ. ಉಳಿದವರ ಹಾಗೆ ಬಾನೆಟ್ಟಿನ ಮೇಲೆ ಒಂದು ಹಾರ ಎಸೆದು ನಿಂಬೆಹಣ್ಣು ಹತ್ತಿಸಿ ಕೈತೊಳೆದುಕೊಳ್ಳುವವನು ನಾನಲ್ಲ. ದುಡಿಯುವುದು ಒಳಗಿನ ಭಾಗಗಳು, ಗಂಧ ಮಾತ್ರ ಹೊರಗಿನ ತಗಡಿಗೋ? ಬಾನೆಟ್ ಎತ್ತಿ, ಗಂಧ ತೇದು ತೇದು, ಒಂದೊಂದು ಭಾಗಕ್ಕೂ ಹೆಸರು ಹಿಡಿದು ಅರ್ಚನೆ ಮಾಡಿದೆ. ನಿಂಬೆಹಣ್ಣುಗಳ ಮೇಲೆ ಕಾರು ಗಾಂಭೀರ್ಯದಿಂದ ಹರಿಯಿತು. ಬೀದಿಯವರೆಲ್ಲ ನೋಡಿದರು.

ಹಬ್ಬ ಮುಗಿದು ಆರ್‌ಟಿಓ ಕಚೇರಿ ತೆರೆದ ದಿನ ಧನುಶ್ರೀಯ ಡ್ರೈವಿಂಗ್ ಟೆಸ್ಟು. ಅವಳ ತವರು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ. ನಾವಿರುವುದು ನೆಲಮಂಗಲ. ಬಸ್ಸಿನಲ್ಲಿ ಹೋಗಬೇಕೆಂದರೆ ಇಡೀ ಬೆಂಗಳೂರನ್ನು ಅಡ್ಡಲಾಗಿ ದಾಟಬೇಕು. ಕಾರಿನಲ್ಲಿ ಹೋಗಬೇಕೆಂದರೆ ನನ್ನನ್ನು ಸೋಫಾದಿಂದ ಏಳಿಸಬೇಕು. ಎರಡರಲ್ಲಿ ಬೆಂಗಳೂರು ದಾಟುವುದೇ ಸುಲಭ ಎಂದು ಅವಳು ಎಲ್ಲರ ಬಳಿಯೂ ಹೇಳಿಕೊಂಡಿದ್ದಾಳೆ. ಹೋದ ಸಲದ ಟೆಸ್ಟಿನ ದಿನ ಸ್ನೇಹಿತನ ಗೃಹಪ್ರವೇಶಕ್ಕೆಂದು ಕಾರು ಒಯ್ದವನೂ ನಾನೇ. ಕಲಿಯುವವರಿಗೆ ಕೊಡುವ ಎಲ್‌ಎಲ್‌ಆರ್ ಲೈಸೆನ್ಸು ಈ ವಾರಕ್ಕೆ ಮುಗಿಯುತ್ತದೆ. ಇವತ್ತು ತಪ್ಪಿದರೆ ಮತ್ತೆ ಮೊದಲಿನಿಂದ ಶುರು.

ಹೊಸ ಸೀರೆಯುಟ್ಟು, ದೇವರಿಗೆ ಕೈಮುಗಿದು, ಸ್ಟೀರಿಂಗಿಗೂ ಕೈಮುಗಿದು ಅವಳು ಕೀ ತಿರುಗಿಸಿದಳು.

ಟಿಕ್.

ಮತ್ತೆ ತಿರುಗಿಸಿದಳು. ಟಿಕ್! ಇಂಜಿನ್ನು ಕದಲಲಿಲ್ಲ.

“ರೀ...” ಅವಳ ಮುಖ ಬಾಡಿಹೋಯಿತು.

ನಿಜ ಹೇಳಲೇ? ನನ್ನ ಮುಖ ಅರಳಿತು. ಇಂಥ ಅವಕಾಶ ದಿನಾ ಸಿಗುತ್ತದೆಯೇ! “ಇಳಿ ಕೆಳಗೆ. ಮೊದಲನೇ ಯಾಕೆ: ಯಾಕೆ ಸ್ಟಾರ್ಟ್ ಆಗ್ತಿಲ್ಲ? ಬ್ಯಾಟರಿ ಸತ್ತಿದೆಯಾ? ನೋಡು!” ಎಂದು ಹಾರನ್ ಒತ್ತಿದೆ. ಬೀದಿ ಅದುರಿತು. ಹೆಡ್‌ಲೈಟು ಹಾಕಿದೆ, ಝಗ್ಗೆಂದಿತು. “ಬ್ಯಾಟರಿ ಹುಲಿಯಂಗಿದೆ. ಹಾಗಾದ್ರೆ ಸತ್ತಿರೋದು ಸ್ಟಾರ್ಟರ್ ಮೋಟಾರು. ಎರಡೇ ಯಾಕೆಗೆ ಕೇಸು ಮುಗೀತು!”

“ಆದ್ರೆ ನಾನು ಕೀ ತಿರುಗಿಸಿದಾಗ ಮೀಟರಿನ ದೀಪ ಎಲ್ಲಾ ಆರಿಹೋಯ್ತಲ್ರೀ. ಅದ್ಯಾಕೆ?”

“ಯಾಕೆ ಅಂತ ಕೇಳೋದು ನಾನು!” ಎಂದು ಗದರಿದೆ.

ಸ್ಟಾರ್ಟರನ್ನು ಮೆಲ್ಲಗೆ ತಟ್ಟಿದರೆ ಎಚ್ಚರಗೊಳ್ಳುತ್ತದೆ ಎಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬ ಮಹಾತ್ಮ ಹೇಳುತ್ತಿದ್ದ. ಸುತ್ತಿಗೆ ಸಿಗಲಿಲ್ಲ. ಹಬ್ಬಕ್ಕೆ ಬಂದಿದ್ದ ಅತ್ತೆ ಅಕ್ಕಯಮ್ಮನವರು ಜಗಲಿಯ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದರು. ಅವರ ಕೈಯಲ್ಲಿದ್ದ ಕಬ್ಬಿಣದ ಕುಟ್ಟಾಣಿಯನ್ನೇ ಕಿತ್ತುಕೊಂಡು ಬಾನೆಟ್ಟಿನೊಳಗೆ ತಟ್ಟಿದೆ. ವಿಡಿಯೋದ ಕಾರು ಬೇರೆ, ನಮ್ಮ ಕಾರು ಬೇರೆ ಎಂಬುದು ಗೊತ್ತಾದದ್ದು ನೀರು ಚಿಮ್ಮಿದಾಗ. ನಾನು ತಟ್ಟಿದ್ದು ಗಾಜು ತೊಳೆಯುವ ನೀರಿನ ಡಬ್ಬಿಯನ್ನು! ಗಾಬರಿಗೆ ಕುಟ್ಟಾಣಿ ಕೈಜಾರಿ ಇಂಜಿನ್ನಿನ ಸಂದಿಗೆ ಬಿತ್ತು.

“ಅಳಿಯಂದ್ರೇ, ನನ್ ಕುಟ್ಟಾಣಿ!” ಎಂದು ಅತ್ತೆ ಕೂಗಿದರು.

“ರೀ, ಟೈಮಾಯ್ತು!” ಎಂದು ಹೆಂಡತಿ ಕೂಗಿದಳು.

“ತಳ್ಳಿ ಸ್ಟಾರ್ಟ್ ಮಾಡೋಣ!” ಎಂದು ನಾನು ಅವರಿಬ್ಬರಿಗಿಂತ ಜೋರಾಗಿ ಕೂಗಿದೆ.

ಎದುರು ಮನೆಯ ಅಪ್ಪಯ್ಯಣ್ಣ ಪಂಚೆ ಎತ್ತಿಕಟ್ಟಿ ಬಂದರು. ಅವರ ಹಿಂದೆ ಅವರ ಮನೆಯವರೆಲ್ಲ ಬಂದರು. ಬೀದಿಯ ತುಂಬ ಹಬ್ಬಕ್ಕೆ ಒಡೆದ ಬೂದುಗುಂಬಳದ ಹೋಳುಗಳು ಕೊಳೆತು ಲೋಳೆಯಾಗಿದ್ದವು. ನಾನು ಚಾಲಕನ ಸಿಂಹಾಸನವೇರಿ ಗೇರ್ ಹಾಕಿ, “ಹ್ಞಾಂ, ತಳ್ಳಿ!” ಎಂದು ಅಪ್ಪಣೆ ಕೊಟ್ಟೆ. ತಳ್ಳಿದರು. ಒಬ್ಬರು ಜಾರಿದರು, ಅವರನ್ನು ಹಿಡಿಯಲು ಹೋದವರೂ ಜಾರಿದರು. ಇಳಿಜಾರಿನಲ್ಲಿ ಕಾರು ವೇಗ ಹಿಡಿಯಿತು. ಕ್ಲಚ್ ಬಿಟ್ಟೆ. ಕಾರು ಕುಪ್ಪಳಿಸಿತೇ ಹೊರತು ಗುರ್ ಅನ್ನಲಿಲ್ಲ. ತಿರುಗಿಸೋಣವೆಂದರೆ ಸ್ಟೀರಿಂಗು ಬಿಗಿದುಕೊಂಡಿತು. ಅಪ್ಪಯ್ಯಣ್ಣನ ಮನೆ ಮುಂದಿನ ಮರಳುಗುಡ್ಡೆಗೆ ಮೂಗು ತೂರಿಸಿ ಕಾರು ನಿಂತಿತು.

ಧನುಶ್ರೀ ಓಡಿಬಂದು ಒಳಗೆ ಇಣುಕಿದಳು. “ಕೀ ಎಲ್ರೀ?”

ಕೀ ನನ್ನ ಜೇಬಿನಲ್ಲಿತ್ತು.

“ಲೇ ನವೀನಾ,” ಸೊಂಟ ಹಿಡಿದುಕೊಂಡು ಏಳುತ್ತಾ ಅಪ್ಪಯ್ಯಣ್ಣ ಹೇಳಿದರು, “ಹಬ್ಬ ಮುಗೀತು ಕಣಪ್ಪಾ. ಕುಂಬಳಕಾಯಿ ಆಯ್ತು, ಈಗ ನಮ್ಮನ್ನೂ ಒಡೀಬೇಡ!”

ನಾನು ನಗಲು ನೋಡಿದೆ. ಆದರೆ ಧನುಶ್ರೀ ನಗುತ್ತಿರಲಿಲ್ಲ. ಮರಳಿನ ಪಕ್ಕದಲ್ಲಿ ಕುಳಿತು ಹೊಸ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಂದೇ ಒಂದ್ ಸಲ ನಾನಾಗೇ ಗಾಡಿ ಓಡಿಸ್ಕೊಂಡು ಅಮ್ಮನ ಮನೆ ಮುಂದೆ ಇಳೀಬೇಕು ಅಂತಿದ್ದೆ” ಎಂದಳು. ನಿಜಕ್ಕೂ ನಾಚಿಕೆಯಾಯಿತು.

ಅಷ್ಟರಲ್ಲಿ ಕುಟ್ಟಾಣಿ ಹುಡುಕುತ್ತಾ ಬಾನೆಟ್ಟಿನೊಳಗೆ ತಲೆ ಹಾಕಿದ್ದ ಅತ್ತೆ, “ಇದೇನವ್ವಾ, ಈ ಪೆಟ್ಟಿಗೆ ಕೊಂಬಿನ ಸಂದೀಲೆಲ್ಲಾ ಗಂಧ ಮೆತ್ಕೊಂಡದೆ?” ಎಂದರು.

ಧನುಶ್ರೀ ಎದ್ದು ಬಂದು ಬ್ಯಾಟರಿಯ ಎರಡು ಕೊಂಬುಗಳನ್ನೂ, ಅವನ್ನು ಕಚ್ಚಿ ಹಿಡಿದ ವೈರಿನ ಹಿಡಿಕೆಗಳನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ರೀ, ಈಗ ನಾನು ಕೇಳ್ತೀನಿ. ಯಾಕೆ ಸ್ಟಾರ್ಟ್ ಆಗ್ತಿಲ್ಲ?”

“ಕರೆಂಟು ಸರಿಯಾಗಿ ದಾಟ್ತಿಲ್ಲ ಅನ್ಸುತ್ತೆ.”

“ಯಾಕೆ?”

“ಮಧ್ಯದಲ್ಲಿ ಗಂಧ ಇದೆ. ಅವತ್ತು ಹಸಿ ಇತ್ತು, ಹೇಗೋ ನಡೀತು. ಈಗ ಒಣಗಿ ಗಟ್ಟಿಯಾಗಿದೆ. ದೀಪಕ್ಕೆ, ಹಾರನ್ನಿಗೆ ಸ್ವಲ್ಪ ಕರೆಂಟ್ ಸಾಕು. ಇಂಜಿನ್ ತಿರುಗಿಸೋಕೆ ಸಾಲ್ದು.”

“ಗಂಧ ಒಳಗೆ ಯಾಕೆ ಹೋಯ್ತು?”

“ಹಿಡಿಕೆ ಬಿಚ್ಚಿ ಹಚ್ಚಿದೆ.”

“ಬಿಚ್ಚಿದ್ದು ಯಾಕೆ?”

“ದೇವರಿಗೆ ಅಭಿಷೇಕಕ್ಕೆ ಮುಂಚೆ ಒಡವೆ ತೆಗೀತಾರಲ್ಲ, ಹಂಗೆ...”

“ಇಷ್ಟೊತ್ತು ಯಾಕೆ ಬಾಯಿ ಬಿಡ್ಲಿಲ್ಲ?”

ಅದು ಐದನೆಯ ‘ಯಾಕೆ’. ಕಾರ್ಖಾನೆಯ ಪದ್ಧತಿ ಸುಳ್ಳಲ್ಲ ಸ್ವಾಮಿ, ದೋಷ ತಾನಾಗಿ ಬಂದು ಶರಣಾಯಿತು. ನನ್ನ ಒದ್ದೆ ಅಂಗಿ ತೊಟ್ಟು ಕೈಕಟ್ಟಿ ನಿಂತಿತ್ತು!

ಅತ್ತೆ ಹಬ್ಬಕ್ಕೆ ಹಿತ್ತಾಳೆ ದೀಪ ಬೆಳಗಿ ಉಳಿಸಿದ್ದ ಹುಣಸೆಹಣ್ಣು ತಂದರು. ಹೆಂಡತಿ ನನ್ನ ಕೈಯಿಂದಲೇ ಹಿಡಿಕೆಗಳನ್ನು ಬಿಚ್ಚಿಸಿದಳು. ಕೊಂಬುಗಳನ್ನು ದೀಪದ ಕಂಬ ತಿಕ್ಕಿದಂತೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಸ್ಪ್ಯಾನರಿನಲ್ಲಿ ಬಿಗಿಸಿದಳು. ಕೋಲಿನಿಂದ ಮೀಟಿದಾಗ ಕುಟ್ಟಾಣಿಯೂ ಸಿಕ್ಕಿತು. ಕೀ ತಿರುಗಿಸಿದಳು.

ಗುರ್‌ರ್‌ರ್!

ಬೀದಿ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಪ್ಪಯ್ಯಣ್ಣ. ಅದು ಅವಳಿಗೋ, ತಾವು ಇನ್ನು ತಳ್ಳಬೇಕಿಲ್ಲವೆಂಬುದಕ್ಕೋ ಗೊತ್ತಿಲ್ಲ.

ಟೆಸ್ಟಿನ ಸರದಿ ಮುಗಿಯುವ ಹೊತ್ತಿಗೆ ಮೈದಾನ ಮುಟ್ಟಿದೆವು. ಎಂಟರ ಆಕಾರದಲ್ಲಿ ಒಂದು ಸುತ್ತು, ರಿವರ್ಸು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು, ಎಲ್ಲವನ್ನೂ ಅವಳು ನೀರು ಕುಡಿದಷ್ಟು ಸಲೀಸಾಗಿ ಮುಗಿಸಿದಳು. “ಪಾಸು, ಹೋಗಮ್ಮಾ” ಎಂದರು ಸಾಹೇಬರು. ನನಗೇ ಕಣ್ಣು ತುಂಬಿ ಬಂತು.

“ಈಗ ಸೀದಾ ಜಡಿಗೇನಹಳ್ಳಿ!” ಎಂದು ಅವಳು ಹೊರಟಳು. ಪಕ್ಕದಲ್ಲಿ ನಾನು, ಹಿಂದೆ ಕುಟ್ಟಾಣಿಯನ್ನು ಭದ್ರವಾಗಿ ಅಪ್ಪಿಕೊಂಡ ಅತ್ತೆ. ಹೆದ್ದಾರಿ ಮುಟ್ಟುವ ಮೊದಲೇ ನನ್ನ ಮೊಬೈಲು ಹೊಡೆದುಕೊಂಡಿತು. ಕಾರ್ಖಾನೆಯ ಸಹೋದ್ಯೋಗಿ ವಸಂತ್. ಸ್ಪೀಕರಿಗೆ ಹಾಕಿದ್ದೇ ನನ್ನ ತಪ್ಪು.

“ಗುರು, ಎಲ್ಲಿದ್ದೀಯಾ? ಬೆಳಗ್ಗೆಯಿಂದ ಫೋರ್ಕ್‌ಲಿಫ್ಟು ಸ್ಟಾರ್ಟ್ ಆಗ್ತಿಲ್ಲ ಕಣೋ! ಬರೀ ಟಿಕ್ ಅಂತಿದೆ. ಲಾರಿಗಳು ಸಾಲಾಗಿ ನಿಂತಿವೆ. ರಜಾ ಆದ್ರೂ ಪರವಾಗಿಲ್ಲ, ಐದು ಯಾಕೆ ಕೇಳೋಕೆ ನೀನೇ ಬರ್ಬೇಕಂತೆ, ಮ್ಯಾನೇಜರ್ ಹೇಳಿದ್ರು!”

ನಾನು ಕಿಟಕಿಯಾಚೆ ನೋಡತೊಡಗಿದೆ. ಧನುಶ್ರೀ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಸೋಂಪುರದ ಕಡೆ ಕಾರು ತಿರುಗಿಸಿದಳು.

“ಅಮ್ಮಾ, ಜಡಿಗೇನಹಳ್ಳಿಗೆ ಸಾಯಂಕಾಲ ಹೋಗೋಣ. ಆ ಹುಣಸೆಹಣ್ಣು ಇನ್ನೂ ಮಿಕ್ಕಿದ್ಯಾ?”

ಹಿಂದಿನ ಸೀಟಿನಿಂದ ಅತ್ತೆ ಶಾಂತವಾಗಿ ಹೇಳಿದರು: “ಸೆರಗಲ್ಲೇ ಕಟ್ಕೊಂಡ್ ಬಂದಿದ್ದೀನಿ ಕಣವ್ವಾ. ಅಳಿಯಂದ್ರು ಇನ್ನೂ ಎಷ್ಟು ಗಾಡಿಗೆ ಪೂಜೆ ಮಾಡವ್ರೋ ಏನೋ ಅಂತ!”