ಒಂದೇ ಕೋಣೆಯಲ್ಲಿ ನನ್ನ ಕಾನ್ವೆಂಟು

ಹತ್ತೊಂಬತ್ತು ಮಕ್ಕಳನ್ನು ಸಂಭಾಳಿಸುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ನನ್ನ ಕ್ಲಾಸೊಂದರಲ್ಲೇ ಐವತ್ತೆರಡು ಹುಡುಗಿಯರು. ಆದರೂ ಪಿನ್‌ಡ್ರಾಪ್ ಸೈಲೆನ್ಸ್!

ಐವತ್ತರ ದಶಕದಲ್ಲಿ ಮದುವೆಯಾಗಿ ಅಬ್ಬಿಗೇರಿ ಕಡೆಯ ಹಳ್ಳಿಯೊಂದಕ್ಕೆ ಬಂದೆ. ಅಲ್ಲಿ ಒಂದೇ ಕೋಣೆಯ ಶಾಲೆ, ಒಬ್ಬರೇ ಮಾಸ್ತರರು, ಹತ್ತೊಂಬತ್ತು ಮಕ್ಕಳು. ಅವರು ಕಣ್ಣಿನ ಆಪರೇಶನ್ನಿಗೆ ಹುಬ್ಬಳ್ಳಿಗೆ ಹೊರಟಾಗ, ಹದಿನೈದು ದಿನದ ಮಟ್ಟಿಗೆ ನನ್ನ ಯಜಮಾನರು ನನ್ನನ್ನು ಮುಂದೆ ಮಾಡಿದರು.

“ಸಾಲಿ ಒಮ್ಮೆ ತಪ್ಪಿದ್ರ ಹುಡುಗ್ರು ಹತ್ತಿ ಬಿಡಸಾಕ ಹೋಗ್ತಾವು, ತಿರುಗಿ ಬರೂದಿಲ್ಲ. ಒಂದ ಕೂಸೂ ತಪ್ಪಬಾರದು ನೋಡ್ರಿ, ಅಕ್ಕೋರ” ಎಂದರು ಮಾಸ್ತರರು. ಟೀಚರಿಗೆ ಅಲ್ಲಿ ‘ಅಕ್ಕೋರು’ ಎನ್ನುತ್ತಾರೆ. ನಾನು “ಡೋಂಟ್ ವರಿ” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅದಕ್ಕೇ ನಿಶ್ಚಿಂತೆಯಿಂದ ಹೋದರು.

ಮೊದಲ ದಿನ ನೋಡುತ್ತೇನೆ, ನಾಲ್ಕೂ ಇಯತ್ತೆಯ, ಅಂದರೆ ನಾಲ್ಕೂ ಕ್ಲಾಸಿನ ಮಕ್ಕಳು ಒಟ್ಟಿಗೇ ಕೂತಿದ್ದಾರೆ. ದೊಡ್ಡವರು ಚಿಕ್ಕವರಿಗೆ ಮಗ್ಗಿ ಹೇಳಿಕೊಡುತ್ತಾರೆ, ಮೂಗೂ ಒರೆಸುತ್ತಾರೆ. ಐದು ವರ್ಷದ ನೀಲವ್ವನಂತೂ ಅಕ್ಕ ಶಾಂತವ್ವನ ತೊಡೆಯ ಮೇಲೆ ಕೂತು ಉಸುಕಿನಲ್ಲಿ ಅಕ್ಷರ ತಿದ್ದುತ್ತಿದ್ದಳು. ಇದು ಶಾಲೆಯೋ ಸಂತೆಯೋ?

ಕೂಡಲೇ ಸುಧಾರಣೆ ಕೈಗೊಂಡೆ. ನಾಲ್ಕು ಇಯತ್ತೆಗೆ ನಾಲ್ಕು ಮೂಲೆ. ಹೆಸರಿನ ಬದಲು ರೋಲ್ ನಂಬರು. ನೀಲವ್ವ ಮೂರನೇ ನಂಬರು. ನಾಲ್ಕನೇ ಇಯತ್ತೆಯಲ್ಲಿದ್ದವಳು ಶಾಂತವ್ವ ಒಬ್ಬಳೇ. ಆದರೇನು, ರೂಲ್ ಈಸ್ ರೂಲ್! ಅವಳು ಒಬ್ಬಳೇ ಸಾಲಾಗಿ ನಿಂತಳು. ಮಾನಿಟರಾಗಿ ತನ್ನನ್ನು ತಾನೇ ಸುಮ್ಮನಿರಿಸಿದಳು. ಟೆಸ್ಟಿನಲ್ಲಿ ಫಸ್ಟ್ ಬಂದಳು. ಲಾಸ್ಟೂ ಅವಳೇ ಬಂದಳು. ಮೊದಲನೆಯದಕ್ಕೆ ಚಪ್ಪಾಳೆ ತಟ್ಟಿಸಿ, ಎರಡನೆಯದಕ್ಕೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ.

ನೀಲವ್ವ ಅಳುತ್ತ ಅಕ್ಕನ ಮೂಲೆಗೆ ಓಡುವಳು, ನಾನು ಎತ್ತಿ ತಂದು ಕೂರಿಸುವೆ. ಅಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಹತ್ತು ಮೂಗು ಸೋರುತ್ತಿರುತ್ತಿದ್ದವು. ಒರೆಸುವವಳು ಈಗ ನಾನೊಬ್ಬಳೇ!

ಗುರುವಾರ ಅಕ್ಕತಂಗಿ ಬರಲಿಲ್ಲ. ಶನಿವಾರ ಉಳಿದವರು ಏಳು ಜನ. ಕೊನೆಗೂ ಪಿನ್‌ಡ್ರಾಪ್ ಸೈಲೆನ್ಸ್ ಬಂದಿತ್ತು.

ಮಾಸ್ತರರ ಮಾತು ನೆನಪಾಯಿತು. ನೀಲವ್ವನ ಮನೆಗೆ ಓಡಿದೆ. ಅವಳ ಅಜ್ಜಿ ಕಾಳು ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ.

“ನಮ್ಮ ಕೂಸಿಗೆ ಹೆಸರು ಐತ್ರಿ, ಅಕ್ಕೋರ. ಎಮ್ಮಿಗೆ ಸೈತ ಹೆಸರ ಇಟ್ಟೇವಿ ನಾವು. ಸೋಮವಾರದಿಂದ ಇಬ್ಬರೂ ಹೊಲಕ್ಕ ಹೋಗ್ತಾರ.”

ಬಾಗಿಲ ಹಿಂದಿನಿಂದ ನೀಲವ್ವ ಇಣುಕಿದಳು.

“ಅಕ್ಕೋರ, ನಿಮ್ಮ ನಂಬರ್ ಎಷ್ಟು?”

“ಮೂವತ್ತೊಂದು.” ಬಾಯಿ ತಾನಾಗಿ ಹೇಳಿತು. ಹತ್ತು ವರ್ಷ ಕಾನ್ವೆಂಟಿನ ಸಿಸ್ಟರ್ ನನ್ನನ್ನು ಹಾಗೆಯೇ ಕರೆದಿದ್ದರು. ಕಡೆಯ ದಿನ ಸರ್ಟಿಫಿಕೇಟ್ ಕೊಡುವಾಗ ಹೆಸರೇನೆಂದು ಕೇಳಿದ್ದರು.

“ನಿಮ್ಮ ಸಾಲ್ಯಾಗ ನಿಮ್ಮ ಅಕ್ಕ ಇರಲಿಲ್ಲೇನ್ರಿ?”

“ಇಲ್ಲವ್ವಾ.”

ನೀಲವ್ವ ಬಾಗಿಲ ಹಿಂದಿನಿಂದ ಹೊರಬಂದಳು. “ಹಂಗಾರ ನಾ ಬರ್ತೇನಿ. ನೀವೂ ನಮ್ಮ ಅಕ್ಕನ ಬಾಜೂ ಕುಂದರ್ರಿ.”

ಅಜ್ಜಿ ಕಾಳಿನ ಮೊರದಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಬೇಡವೆನ್ನಲಿಲ್ಲ.

ಸೋಮವಾರ ಮೂಲೆಗಳು ರದ್ದಾದವು. ಮನೆಮನೆಗೆ ಹೋಗಿ, ಹೆಸರು ಹಿಡಿದು ಕರೆದು ತಂದೆ. ಮಾಸ್ತರರು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಮರಳಿದಾಗ ಹತ್ತೊಂಬತ್ತೂ ಇದ್ದವು. ಅಕ್ಕೋರು ಹ್ಯಾಂಗ ಕಲಿಸಿದರೆಂದು ಅವರು ಕೇಳಿದರು. ಅಕ್ಕನ ತೊಡೆಯ ಮೇಲಿಂದ ನೀಲವ್ವ ವರದಿ ಒಪ್ಪಿಸಿದಳು:

“ಮೂವತ್ತೊಂದು ಅಕ್ಕೋರು ಈಗ ಚಲೋ ಆಗ್ಯಾರ್ರಿ.”

ಆ ಊರಿನಲ್ಲಿ ನಾನು ಇಂದಿಗೂ ಮೂವತ್ತೊಂದು ಅಕ್ಕೋರು. ನಿಜವಾದ ಹೆಸರು ಅಲ್ಲಿಯೂ ಯಾರಿಗೂ ಗೊತ್ತಿಲ್ಲ!