ವಾರಿಜಳ ಹೆಸರಿಗೆ ನಾನು ಹಾಕಿದ ಅರ್ಜಿ

ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಇಸ್ಪೀಟು. ನನ್ನ ಚಟ ಅರ್ಜಿ ಬರೆಯುವುದು. ಮೂವತ್ತು ವರ್ಷ ಕನ್ನಡ ಮಾಸ್ಟ್ರಾಗಿದ್ದವನಿಗೆ ನಿವೃತ್ತಿಯ ಮೇಲೆ ತಿದ್ದಲು ಮಕ್ಕಳ ಪುಸ್ತಕಗಳಿಲ್ಲದೆ ಕೈ ತುರಿಸತೊಡಗಿತು. ದಾರಿದೀಪ ಕೆಟ್ಟರೆ ಅರ್ಜಿ, ಬಸ್ಸು ನಿಲ್ಲಿಸದಿದ್ದರೆ ಅರ್ಜಿ, ಕಾಸರಗೋಡಿನ ಕನ್ನಡಿಗರಿಗೆ ಮಲಯಾಳದ ಫಾರ್ಮನ್ನು ಕನ್ನಡದಲ್ಲಿಯೂ ಕೊಡಿ ಎಂದು ಇನ್ನೊಂದು ಅರ್ಜಿ. ಉತ್ತರ ಬರುತ್ತಿದ್ದುದು ಅಪರೂಪ. ಉತ್ತರ ಬಾರದಿರುವುದು ಎಂಥ ಭಾಗ್ಯವೆಂದು ಆಗ ನನಗೆ ತಿಳಿದಿರಲಿಲ್ಲ.

ನನ್ನ ಹೆಂಡತಿ ವಾರಿಜ ಮಾವಿನ ಮಿಡಿಯ ಉಪ್ಪಿನಕಾಯಿ ಹಾಕುವುದರಲ್ಲಿ ಗಟ್ಟಿಗಿತ್ತಿ. ಪುತ್ತಿಗೆಯ ನಮ್ಮ ಮನೆಯಿಂದ ಬದಿಯಡ್ಕದ ಎರಡು ಅಂಗಡಿಗಳಿಗೆ ಅವಳ ಬಾಟಲಿಗಳು ಹೋಗತೊಡಗಿ ಇಪ್ಪತ್ತು ವರ್ಷವಾಗಿರಬಹುದು. ಜನ ‘ವಾರಿಜಕ್ಕನ ಉಪ್ಪಿನಕಾಯಿ’ ಎಂದೇ ಕೇಳಿ ಒಯ್ಯುತ್ತಿದ್ದರು. ಕಡೆಗೊಮ್ಮೆ ನಾನು ಆ ಹೆಸರಿನ ಲೇಬಲ್ ಅಚ್ಚು ಹಾಕಿಸಿದೆ. ಮೊದಲ ಲೇಬಲನ್ನು ಅವಳು ಬಾಟಲಿಗೆ ಅಂಟಿಸದೆ ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಮದುವೆಯ ಕಾಗದ, ರೇಷನ್ ಕಾರ್ಡು ಬಿಟ್ಟರೆ ಅವಳ ಹೆಸರು ಅಚ್ಚಾದದ್ದು ಅದೇ ಮೊದಲು. ಅಷ್ಟಕ್ಕೇ ಸುಮ್ಮನಿರುವ ಜಾಯಮಾನ ನನ್ನದಲ್ಲ. ಯಾರಾದರೂ ಈ ಹೆಸರನ್ನು ಕದ್ದರೆ ಎಂಬ ಹೆದರಿಕೆ ಹುಟ್ಟಿ, ಅದನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅವಳ ಹೆಸರಿನಲ್ಲೇ ಒಂದು ಅರ್ಜಿ ಹಾಕಿದೆ.

ಅಂಥ ಅರ್ಜಿಯನ್ನು ಸರಕಾರ ತನ್ನ ಜರ್ನಲಿನಲ್ಲಿ ಪ್ರಕಟಿಸುತ್ತದೆ, ಆಕ್ಷೇಪವಿದ್ದವರು ಹೇಳಲಿ ಎಂದು. ಆಕ್ಷೇಪ ಬಂತು. ಉತ್ತರ ಭಾರತದಲ್ಲಿ ಎಣ್ಣೆ, ಮಸಾಲೆ, ಉಪ್ಪಿನಕಾಯಿ ಮಾರುವ ದೊಡ್ಡ ಕಂಪೆನಿಯೊಂದಕ್ಕೆ ‘ವಾರಿಜ್’ ಎಂಬ ನೋಂದಾಯಿತ ಹೆಸರಿತ್ತು. ನಮ್ಮದನ್ನು ಕೇಳಿದರೆ ಗಿರಾಕಿಗಳು ಮೋಸಹೋಗುತ್ತಾರೆ ಎಂಬುದು ಅವರ ವಾದ. ಎರಡು ತಿಂಗಳೊಳಗೆ ಟ್ರೇಡ್‌ಮಾರ್ಕ್ ಕಚೇರಿಗೆ ಕ್ರಮಪ್ರಕಾರ ಉತ್ತರ ಸಲ್ಲಿಸಬೇಕಿತ್ತು. ನಾನು ಕ್ರಮ ಬಿಟ್ಟು ಕಂಪೆನಿಗೇ ನಾಲ್ಕು ಪುಟದ ಪತ್ರ ಬರೆದೆ, ನಿಘಂಟು ಇಟ್ಟುಕೊಂಡು, ಇಂಗ್ಲಿಷಿನಲ್ಲಿ. ವಾರಿ ಎಂದರೆ ನೀರು, ವಾರಿಜವೆಂದರೆ ಕಮಲ, ನಿಮ್ಮದೂ ನಮ್ಮದೂ ಒಂದೇ ಶಬ್ದ, ಕಿವಿಗೆ ವ್ಯತ್ಯಾಸವೇ ತಿಳಿಯದು, ಆದ್ದರಿಂದ ಜಗಳವೇಕೆ? ಬರೆದು ಮುಗಿಸಿ ವಾರಿಜಳಿಗೆ ಓದಿ ಅರ್ಥ ಹೇಳಿದೆ. ಅವಳು ಮಿಡಿಯ ತೊಟ್ಟು ಮುರಿಯುತ್ತ, ಒಮ್ಮೆ ಯಾರಾದರೂ ವಕೀಲರಿಗೆ ತೋರಿಸಿ ಕಳುಹಿಸಬಹುದಲ್ಲ ಎಂದಳು. ವ್ಯಾಕರಣ ಸರಿಯಿರುವ ಪತ್ರಕ್ಕೆ ವಕೀಲರು ಏಕೆ ಎಂದೆ.

ಎರಡು ತಿಂಗಳು ಕಳೆದು ನಮ್ಮ ಅರ್ಜಿ ತಾನಾಗಿ ಬಿದ್ದುಹೋಯಿತು. ಹಿಂದೆಯೇ ದೆಹಲಿಯ ಕೋರ್ಟಿನಿಂದ ಸಮನ್ಸು, ವಾರಿಜಳ ಹೆಸರಿಗೆ. ಅವಳು ಪ್ರತಿವಾದಿ.

ಕಾಸರಗೋಡಿನಲ್ಲಿ ವಕೀಲೆಯಾಗಿರುವ ಶೈಲಜ ನನ್ನ ಹಳೆಯ ವಿದ್ಯಾರ್ಥಿನಿ. ಕಾಗದಗಳನ್ನೆಲ್ಲ ಓದಿ ಕನ್ನಡಕ ತೆಗೆದಳು. ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸಲು ಕಾನೂನಿನಲ್ಲಿ ಅವಕಾಶವಿದೆಯಂತೆ, ಮೊದಲಿನಿಂದ ಬಳಸುತ್ತ ಬಂದವರಿಗೂ ರಕ್ಷಣೆಯಿದೆಯಂತೆ. ಆದರೆ ಬಿಲ್ಲು, ಹಳೆಯ ಲೇಬಲು, ಏನಾದರೂ ಪುರಾವೆ ಬೇಕು. ನಮ್ಮಲ್ಲಿ ಇದ್ದುದು ತಿಂದವರ ನಾಲಗೆ ಮಾತ್ರ. ಈಗ ದೊಡ್ಡ ಕಂಪೆನಿಗಳು ಜರ್ನಲಿನಲ್ಲಿ ಬರುವ ಹೆಸರುಗಳನ್ನೆಲ್ಲ ಕಂಪ್ಯೂಟರಿನಿಂದ ಜಾಲಾಡಿಸುತ್ತವೆ ಎಂದೂ ಹೇಳಿದಳು.

“ಮಾಸ್ಟ್ರೇ, ನೀವು ಅರ್ಜಿ ಹಾಕದಿದ್ದರೆ ಬದಿಯಡ್ಕದಲ್ಲಿ ಇಂಥ ಒಂದು ಉಪ್ಪಿನಕಾಯಿ ಉಂಟು ಅಂತ ಅವರಿಗೆ ಗೊತ್ತೇ ಆಗ್ತಿರಲಿಲ್ಲ.”

ವಿಚಾರಣೆ ವಿಡಿಯೋದಲ್ಲಿ. ಹಿಂದೆ ದೆಹಲಿಯಲ್ಲಿ ಸೋಲಲು ಮೂರು ದಿನ ರೈಲಿನಲ್ಲಿ ಕೂರಬೇಕಿತ್ತು. ಈಗ ಬಸ್ಸಿನಲ್ಲಿ ಕಾಸರಗೋಡಿಗೆ ಹೋದರೆ ಸಾಕು. ಶೈಲಜಳ ಆಫೀಸಿನಲ್ಲಿ ನಾವಿಬ್ಬರೂ ಪರದೆಯ ಮುಂದೆ ಕುಳಿತೆವು. ವಾರಿಜ ಮದುವೆಮನೆಗೆ ಉಡುವ ಸೀರೆ ಉಟ್ಟಿದ್ದಳು. ನಮ್ಮ ಪರವಾಗಿ ದೆಹಲಿಯ ವಕೀಲರೊಬ್ಬರು ಮಾತು ತೆಗೆದರು. ಕಂಪೆನಿಯ ವಕೀಲರು ಹೆಚ್ಚು ಮಾತಾಡಲಿಲ್ಲ, ನನ್ನ ಪತ್ರವನ್ನು ಪರದೆಗೆ ತಂದರು. ‘ಕಿವಿಗೆ ವ್ಯತ್ಯಾಸವೇ ತಿಳಿಯದು’ ಎಂಬ ಸಾಲನ್ನು ನ್ಯಾಯಾಧೀಶರು ಗಟ್ಟಿಯಾಗಿ ಓದಿದರು. ನನ್ನ ಇಂಗ್ಲಿಷನ್ನು ಅಷ್ಟು ದೊಡ್ಡವರು ಓದಿದ್ದು ಅದೊಂದೇ ಸಲ. ಒಂದು ತಪ್ಪೂ ಸಿಗಲಿಲ್ಲ. ಕೇಸು ಮುಗಿಯುವ ತನಕ ಆ ಹೆಸರಿನಲ್ಲಿ ಮಾರಕೂಡದೆಂದು ತಡೆಯಾಜ್ಞೆಯಾಯಿತು. ವಾರಿಜ ನನ್ನ ಕಡೆ ತಿರುಗಿ, ಈಗ ಎಂತ ಹೇಳಿದರು ಎಂದು ಕೇಳಿದಳು. ಶೈಲಜಳೇ ಹೇಳಿದಳು.

ವರ್ಷಗಟ್ಟಲೆ ಹೋರಾಡುವ ತ್ರಾಣ ನಮಗಿರಲಿಲ್ಲ. ರಾಜಿಯಾಯಿತು. ಮಾರುವ ಯಾವ ವಸ್ತುವಿಗೂ ಜಾಹೀರಾತಿಗೂ ಆ ಹೆಸರನ್ನು ಇನ್ನು ಬಳಸುವುದಿಲ್ಲವೆಂದು ವಾರಿಜ ಮುಚ್ಚಳಿಕೆ ಬರೆದುಕೊಡಬೇಕು. ಶೈಲಜ ಕಾಗದ ಮುಂದಿಟ್ಟು, ಸಹಿ ಹಾಕುವ ಜಾಗ ತೋರಿಸಿದಳು. ವಾರಿಜ ಪೆನ್ನು ಕೈಗೆತ್ತಿಕೊಂಡಳು.

“ಇದಕ್ಕೆ ಯಾವ ಹೆಸರು ಬರೆಯುವುದು?”

ಅವಳು ತಮಾಷೆ ಮಾಡಿದ್ದಲ್ಲ. ಶೈಲಜ ಮತ್ತೊಮ್ಮೆ ಸಹಿಯ ಜಾಗಕ್ಕೆ ಬೆರಳಿಟ್ಟಳು. ನಾನು ಚಪ್ಪಲಿ ನೋಡಿಕೊಂಡೆ.

ಈಗ ಬಾಟಲಿಗಳು ಹೆಸರಿಲ್ಲದೆ ಹೋಗುತ್ತವೆ. ಆದರೆ ಜನ ಏನಾದರೊಂದು ಹೇಳಿ ಕೇಳಲೇಬೇಕಲ್ಲ. ಬಾಟಲಿ ತಂದುಕೊಡುವವನು ನಾನಾದ್ದರಿಂದ ‘ಮಾಸ್ಟ್ರ ಉಪ್ಪಿನಕಾಯಿ’ ಎಂದು ಅವರೇ ಹೆಸರಿಟ್ಟುಬಿಟ್ಟರು. ನೂರು ಮಿಡಿಗೆ ಎಷ್ಟು ಉಪ್ಪು ಎಂದು ಇಂದಿಗೂ ಅರಿಯದ ನನ್ನ ಹೆಸರಿಗೆ ಯಾವ ಕಂಪೆನಿಯ ತಕರಾರೂ ಇಲ್ಲ. ಮೊನ್ನೆ ಮಂಜೇಶ್ವರದಿಂದ ಒಬ್ಬರು ಫೋನು ಮಾಡಿ, ಹತ್ತು ಬಾಟಲಿ ಬೇಕೆಂದು ಹೇಳಿ, ನಿಮ್ಮ ಕೈಗೆ ಇಂಥ ರುಚಿ ಹೇಗೆ ಬಂತು ಮಾಸ್ಟ್ರೇ ಎಂದು ಕೇಳಿದರು. ಒಲೆಯ ಮುಂದಿದ್ದ ವಾರಿಜ ಸೌಟು ನಿಲ್ಲಿಸಿ ನನ್ನ ಮುಖ ನೋಡಿದಳು. ಮಾಡುವವಳು ವಾರಿಜ ಎನ್ನಲು ಬಾಯಿ ತೆರೆದೆ. ಮುಚ್ಚಳಿಕೆ ನೆನಪಾಯಿತು. ಹೀಗೆ ಫೋನಿನಲ್ಲಿ ಹೇಳುವುದು ಜಾಹೀರಾತಾಗುತ್ತದೋ ಇಲ್ಲವೋ ತಿಳಿಯಲಿಲ್ಲ.

“ಮನೆಯಲ್ಲೇ ಮಾಡುವುದು” ಎಂದೆ.