ನಿಲ್ಲದ ಕಾರಿನಲ್ಲಿ ಹೆಣ್ಣು ನೋಡಲು ಹೋದದ್ದು

ಡೀಸೆಲ್ ಕಾರಿನ ಬಗ್ಗೆ ನನಗೆ ತಿಳಿಯದ್ದು ಏನೂ ಇಲ್ಲ. ಖಾನಾಪುರಕ್ಕೆ ಹೆಣ್ಣು ನೋಡಲು ಹೋಗುವ ತನಕ ಹಾಗೆಂದೇ ನಂಬಿದ್ದೆ.

ಹಿಂದಿನ ದಿನ ಕಾರಿನಲ್ಲೊಂದು ಹಳದಿ ದೀಪ ಹೊತ್ತಿಕೊಂಡಿತು. ನಮ್ಮ ಬೆಳಗಾವಿಯ ಕ್ಯಾಂಪ್ ಬಡಾವಣೆಯ ಮೆಕ್ಯಾನಿಕ್ ರಫೀಕ್ ಚಾಚಾ ಕಾರನ್ನು ಬಿಟ್ಟು ನನ್ನನ್ನೇ ಕೆಟ್ಟುಹೋದ ಬಿಡಿಭಾಗದಂತೆ ದಿಟ್ಟಿಸಿದರು.

“ದಿನಾ ಮನಿಯಿಂದ ಬಜಾರ, ಬಜಾರದಿಂದ ಮನಿ! ಎಂಜಿನ್ ಬಿಸಿ ಆಗೂದ್ರಾಗ ಬಂದ್ ಮಾಡ್ತಿ. ಹೊಗಿ ಫಿಲ್ಟರಿನಾಗ ಮಸಿ ಕುಂತೈತಿ. ವಾರಕ್ಕೊಮ್ಮೆ ದೊಡ್ಡ ರೋಡಿಗೆ ಒಯ್ದು ಅರ್ಧ ತಾಸು ಒಂದ ಸಮ ಓಡ್ಸು, ಮಸಿ ತಾನ ಸುಟ್ಟು ದೀಪ ಆರ್ತೈತಿ. ನಡುವ ಮಾತ್ರ ನಿಲ್ಲಿಸಬ್ಯಾಡ ಬೇಟಾ!”

ಮನೆಯಲ್ಲಿ ಈ ಉಪದೇಶವನ್ನು ಚಾಚಾನ ದನಿಯಲ್ಲೇ, ಕೆಮ್ಮಿನ ಸಮೇತ ಮಾಡಿ ತೋರಿಸಿದೆ. ಅವ್ವ ಬಿದ್ದು ಬಿದ್ದು ನಕ್ಕಳು. ಖಾನಾಪುರದ ದಾರಿ ಹೇಗೂ ಅರ್ಧ ತಾಸಿನದು. ಒಂದೇ ಓಟದಲ್ಲಿ ಮಸಿಯೂ ಹೋಗುತ್ತದೆ, ಬ್ರಹ್ಮಚರ್ಯವೂ ಹೋಗುತ್ತದೆ!

ಆದರೆ ಸಂಬಂಧ ಹಚ್ಚಿದ ಶಾಂತಾ ಅತ್ತೆ ನಡುದಾರಿಯ ದೇಸೂರಿನಲ್ಲಿ ಕಾರು ಹತ್ತುವವರಿದ್ದರು. ಅವರು ಚಹಾ ಕುಡಿಸದೆ ಬಿಡುವವರೇ? ಚಹಾದ ಹಿಂದೆ ಅವಲಕ್ಕಿ ಚೂಡಾ ಬಂತು. ಚೂಡಾದ ಹಿಂದೆ ಮತ್ತೆ ಚಹಾ. ಎಂಜಿನ್ ತಣ್ಣಗಾಯಿತು. ಅರ್ಧ ತಾಸು ಮತ್ತೆ ಮೊದಲಿನಿಂದ!

ಖಾನಾಪುರ ಮುಟ್ಟಿದಾಗ ದೀಪ ಇನ್ನೂ ಉರಿಯುತ್ತಿತ್ತು. ಜಾಂಬೋಟಿ ರಸ್ತೆಯ ಮನೆಯ ಮುಂದೆ ಹುಡುಗಿಯ ಅಪ್ಪ ಟೋಪಿ ಸರಿಪಡಿಸಿಕೊಳ್ಳುತ್ತ ನಿಂತಿದ್ದರು.

“ಇದ ಮನಿ, ನಿಲ್ಲಿಸೋ!” ಎಂದರು ಅತ್ತೆ.

“ನಿಲ್ಲಿಸಬ್ಯಾಡ ಬೇಟಾ!” ಎಂದೆ, ಚಾಚಾನ ದನಿಯಲ್ಲಿ. ಭಾವಿ ಮಾವನವರಿಗೆ ಕಿಟಕಿಯಿಂದಲೇ ಕೈ ಎತ್ತಿ ನಮಸ್ಕರಿಸಿ ಮುಂದೆ ಸಾಗಿದೆ.

ತಿರುಗಿಸಿಕೊಂಡು ಬಂದಾಗ ಅವರು ರಸ್ತೆಗೇ ಇಳಿದು “ಬರ್ರಿ, ಬರ್ರಿ” ಎನ್ನುತ್ತಿದ್ದರು. ದೀಪ ಆರಿರಲಿಲ್ಲ. ಎರಡನೆಯ ನಮಸ್ಕಾರ!

“ಅವರು ಏನ್ ತಿಳ್ಕೊಂಡಾರೋ?” ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತಿದ್ದ ಅವ್ವ ಸೆರಗು ಮುಖಕ್ಕೆ ಎಳೆದುಕೊಂಡಳು.

“ಹುಡುಗ ಭಾಳ ಬಿಜಿ ಅದಾನ ಅಂತ ತಿಳ್ಕೋತಾರ ತಗೋ” ಎಂದೆ.

ಮೂರನೆಯ ಸಲ ಇಡೀ ಓಣಿ ಹೊರಗಿತ್ತು. “ಬ್ರೇಕ್ ಗೇಲಾ!” ಎಂದು ಮರಾಠಿಯಲ್ಲಿ ಕೂಗಿದರು, ಬ್ರೇಕ್ ಹೋಗಿದೆಯೆಂದು. ನಾಲ್ಕನೆಯ ಸಲಕ್ಕೆ ನಮ್ಮ ಜೀವ ಉಳಿಸಲು ರಸ್ತೆಗೆ ಅಡ್ಡ ಭತ್ತದ ಹುಲ್ಲು ಒಟ್ಟಿದ್ದರು! ಅದೇ ಕ್ಷಣ ದೀಪ ಆರಿತು. ನನ್ನ ಕಣ್ಣು ದೀಪದ ಮೇಲಿತ್ತು. ಕಾರು ಹುಲ್ಲಿನೊಳಗಿತ್ತು.

ಗುಂಪನ್ನು ಸೀಳಿಕೊಂಡು ರೇಷ್ಮೆ ಸೀರೆಯ ಹುಡುಗಿ ಓಡಿ ಬಂದಳು.

“ಸೈಲೆನ್ಸರ್ ಕಾದು ಕೆಂಡ ಆಗಿರ್ತದ, ಹುಲ್ಲಿಗೆ ಬೆಂಕಿ ಹತ್ತೀತು! ಸರೀರಿ ಆಕಡಿ!”

ನನ್ನನ್ನು ಬಾಜು ಸೀಟಿಗೆ ದಬ್ಬಿ, ಕಾರು ಹಿಂದಕ್ಕೆ ತೆಗೆದು, ಬಾಗಿಲಿಗೆ ತಂದು ನಿಲ್ಲಿಸಿದಳು. “ನಮ್ಮದೂ ಡೀಸೆಲ್ ಗಾಡಿನ. ವಾರಕ್ಕೊಮ್ಮೆ, ಐತ್ವಾರ, ಬೆಳಗಾವಿಗೆ ಹೋಗಿ ಬರ್ತೀನಿ. ಹಳದಿ ದೀಪ ಒಮ್ಮೆನೂ ಹತ್ತಿಲ್ಲ. ನೀವು ಸುತ್ತೂದು ನೋಡಿನ ಅದ ಅಂತ ತಿಳೀತು.”

ಉಪ್ಪಿಟ್ಟು ಕೊಟ್ಟರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮರುದಿನ ಅತ್ತೆಯ ಫೋನು ಬಂತು. “ಹುಡುಗ ಬ್ಯಾಡ ಅಂದಾಳ. ಗಾಡಿ ಮಾತ್ರ ಭಾಳ ಮನಸಿಗೆ ಬಂದದಂತ, ಮಾರೂದಿದ್ರ ಹೇಳ್ರಿ ಅಂದಾರ.”

ಅವ್ವ ನನ್ನನ್ನೊಮ್ಮೆ, ಅಂಗಳದಲ್ಲಿದ್ದ ಕಾರನ್ನೊಮ್ಮೆ ನೋಡಿದಳು.

“ಕೊಟ್ಟಬಿಡೋ. ನಮ್ಮ ಕಡಿಂದ ಅದಾದ್ರೂ ಆ ಮನಿ ಸೇರ್ಲಿ!”